ಆನ್‌ಲೈನ್ ಖರೀದಿಗೆ ಕ್ರೆಡಿಟ್ ಕಾರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಡ್ ಜೇಬಿನಲ್ಲೇ ಇರುತ್ತದೆ, ಹಣ ಮಾತ್ರ ಹೋಗಿರುತ್ತದೆ. ಆನ್‌ಲೈನ್ ವಂಚನೆಗೆ ಸಿಕ್ಕವರು ಮೊದಲು ಗಲಿಬಿಲಿಗೊಳ್ಳುವುದೇ ಇದಕ್ಕೆ. ಇಲ್ಲಿನ ಉತ್ತರಗಳು ಭಾರತದಲ್ಲಿ ಪಡೆದ ಕಾರ್ಡ್‌ಗಳಿಗೆ ಅನ್ವಯಿಸುತ್ತವೆ. ನಿಯಮಗಳು ಭಾರತೀಯ ರಿಸರ್ವ್ ಬ್ಯಾಂಕಿನವು, ಅಂದರೆ ಆರ್‌ಬಿಐನವು. ಈಗಷ್ಟೇ ಹಣ ಕಳೆದುಕೊಂಡವರು ಮಿಕ್ಕಿದ್ದನ್ನೆಲ್ಲ ಬಿಟ್ಟು ನೇರವಾಗಿ ‘ಹಣ ಹೋಗಿದೆ, ಈಗೇನು ಮಾಡಲಿ?’ ಎಂಬಲ್ಲಿಗೆ ಹೋಗಿ.

ಆನ್‌ಲೈನ್‌ನಲ್ಲಿ ಕ್ರೆಡಿಟ್ ಕಾರ್ಡ್ ಬಳಸುವುದು ಅಪಾಯವಲ್ಲವೇ? ಡೆಬಿಟ್ ಕಾರ್ಡ್ ವಾಸಿಯಲ್ಲವೇ?

ನಿಜ ಇದರ ತಿರುವುಮುರುವು. ಡೆಬಿಟ್ ಕಾರ್ಡ್‌ನಲ್ಲಿ ವಂಚನೆಯಾದರೆ ನಿಮ್ಮ ಉಳಿತಾಯ ಖಾತೆಯ ದುಡ್ಡು ಆ ಕ್ಷಣವೇ ಖಾಲಿ. ಮನೆ ಬಾಡಿಗೆ, ಮಕ್ಕಳ ಶುಲ್ಕ, ಸಾಲದ ಕಂತು ಎಲ್ಲಕ್ಕೂ ಹಣ ಮರಳುವ ತನಕ ಪರದಾಡಬೇಕು. ಕ್ರೆಡಿಟ್ ಕಾರ್ಡ್‌ನಲ್ಲಿ ಹೋಗುವುದು ಬ್ಯಾಂಕು ಸಾಲವಾಗಿ ಕೊಡಲಿದ್ದ ಹಣ. ತಕರಾರು ಎತ್ತಲು ನಿಮಗೆ ಉಸಿರಾಡುವಷ್ಟು ಸಮಯ ಸಿಗುತ್ತದೆ. ವಂಚನೆಯೆಂದು ತಕರಾರು ಸಲ್ಲಿಸಿದ ಮೊತ್ತದ ಮೇಲೆ, ಅದು ಇತ್ಯರ್ಥವಾಗುವವರೆಗೆ ಯಾವ ಶುಲ್ಕವನ್ನೂ ಹಾಕಬಾರದು ಎಂದು ಆರ್‌ಬಿಐ 2022ರ ನಿರ್ದೇಶನದಲ್ಲಿ ಹೇಳಿದೆ. ಹೊಸ ಅಂಗಡಿಯಲ್ಲಿ ಮೊದಲ ಬಾರಿ ಕೊಳ್ಳುವಾಗ ನನ್ನ ಆಯ್ಕೆ ಕ್ರೆಡಿಟ್ ಕಾರ್ಡೇ. ಆದರೆ ಒಂದು ಮಾತು: ಕಾರ್ಡ್‌ನ ಮಿತಿ ಮೂರು ಲಕ್ಷವಿದ್ದರೆ ವಂಚಕನಿಗೂ ತೆರೆದಿರುವುದು ಮೂರು ಲಕ್ಷ. ಅದನ್ನು ಕಡಿಮೆ ಮಾಡುವ ಬಗೆಯನ್ನು ಮುಂದೆ ಹೇಳಿದೆ.

ನಾನು ಯಾರಿಗೂ ಒಟಿಪಿ ಹೇಳುವುದಿಲ್ಲ. ಅಷ್ಟು ಸಾಲದೇ?

ಸಾಲದು. ‘ಒಟಿಪಿ ಯಾರಿಗೂ ಹೇಳಬೇಡಿ’ ಎಂದು ಬ್ಯಾಂಕುಗಳು, ಪೊಲೀಸರು, ಪತ್ರಿಕೆಗಳು ವರ್ಷಗಟ್ಟಲೆ ಸಾರಿದ್ದನ್ನು ವಂಚಕರೂ ಕೇಳಿಸಿಕೊಂಡಿದ್ದಾರೆ. ಈಗ ಅವರಲ್ಲಿ ಅನೇಕರು ಒಟಿಪಿ ಕೇಳುವುದೇ ಇಲ್ಲ. ನೀವಾಗಿಯೇ ಅದನ್ನು ತಂದು ಒಂದು ಪುಟದಲ್ಲಿ ತುಂಬುವಂತೆ ಮಾಡುತ್ತಾರೆ.

ಹೇಗೆಂದು ನೋಡಿ. ‘ವಿಳಾಸ ಅಪೂರ್ಣವಾಗಿದೆ, ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ, 5 ರೂಪಾಯಿ ಕಟ್ಟಿ ಸರಿಪಡಿಸಿ’ ಎಂಬ ಸಂದೇಶ ಬರುತ್ತದೆ. ಐದು ರೂಪಾಯಿಗೆ ಯಾರು ತಾನೆ ಯೋಚಿಸುತ್ತಾರೆ? ಕೊಂಡಿ ಒತ್ತಿದರೆ ಅಂಚೆಯದ್ದೋ ಕೊರಿಯರಿನದ್ದೋ ಎನಿಸುವ ಅಚ್ಚುಕಟ್ಟಾದ ಪುಟ. ನೀವು ಕಾರ್ಡ್ ಸಂಖ್ಯೆ, ಅವಧಿ, ಸಿವಿವಿ ತುಂಬುತ್ತಿದ್ದಂತೆ ಆಚೆ ಕುಳಿತವನು ಅದೇ ವಿವರಗಳನ್ನು ನಿಜವಾದ ಒಂದು ಮೊಬೈಲ್ ಮಾರಾಟದ ಜಾಲತಾಣದಲ್ಲಿ ತುಂಬುತ್ತಾನೆ. ನಿಮ್ಮ ಫೋನಿಗೆ ಒಟಿಪಿ ಬರುತ್ತದೆ. ಅದು ಅಸಲಿ, ಬ್ಯಾಂಕಿನಿಂದಲೇ ಬಂದದ್ದು. ಆದರೆ ಆ ಸಂದೇಶದಲ್ಲಿರುವುದು 5 ರೂಪಾಯಿ ಅಲ್ಲ, 48,999 ರೂಪಾಯಿ. ಹಣ ಪಡೆಯುವವರ ಹೆಸರಿನ ಜಾಗದಲ್ಲಿ ಕೊರಿಯರಿನ ಹೆಸರಿಲ್ಲ, ಮೊಬೈಲ್ ಅಂಗಡಿಯ ಹೆಸರಿದೆ. ಮೋಸ ಬಯಲಾಗಲು ಬೇಕಾದುದೆಲ್ಲ ಆ ಎರಡು ಸಾಲಿನಲ್ಲೇ ಇರುತ್ತದೆ. ನಮ್ಮ ಕಣ್ಣು ಮಾತ್ರ ಆರು ಅಂಕಿಗಳನ್ನು ಹೆಕ್ಕಿಕೊಂಡು ಹಿಂದಿರುಗಿರುತ್ತದೆ.

ಸಾಲದ್ದಕ್ಕೆ ಈಗಿನ ಫೋನುಗಳು ಆರು ಅಂಕಿಗಳನ್ನು ತಾವೇ ಎತ್ತಿ ಕೀಲಿಮಣೆಯ ಮೇಲೆ ಇಡುತ್ತವೆ. ಒಂದು ಬಾರಿ ಬೆರಳಿಟ್ಟರೆ ಮುಗಿಯಿತು, ಸಂದೇಶ ತೆರೆಯುವ ಗೋಜೇ ಇಲ್ಲ. ಈ ಅನುಕೂಲ ನನಗೆ ಹಿಡಿಸುವುದಿಲ್ಲ. ಸಂದೇಶ ತೆರೆಯಿರಿ, ಮೊತ್ತವನ್ನೂ ಹೆಸರನ್ನೂ ಓದಿ, ಆಮೇಲೆ ಅಂಕಿ ತುಂಬಿ. ಸಂದೇಶದಲ್ಲಿ ಮೊತ್ತವೇ ಇಲ್ಲದೆ ‘ಕಾರ್ಡ್ ಸೇರಿಸಲು’, ‘ಟೋಕನ್ ರಚಿಸಲು’ (ಟೋಕನ್ ಏನೆಂದು ಮುಂದೆ ಹೇಳಿದೆ), ‘ಹೊಸ ಸಾಧನ ನೋಂದಾಯಿಸಲು’ ಎಂದಿದ್ದರೆ ಇನ್ನಷ್ಟು ಎಚ್ಚರ ಬೇಕು. ಅಂಥ ಒಂದು ಒಟಿಪಿ ಕೈಬಿಟ್ಟರೆ ಹೋಗುವುದು ಒಂದೇ ಖರೀದಿಯ ಹಣವಲ್ಲ. ಇನ್ನು, ಮರುಪಾವತಿ ಪಡೆಯಲು, ಬಹುಮಾನ ಪಡೆಯಲು, ವಹಿವಾಟು ರದ್ದು ಮಾಡಲು ಕಾರ್ಡ್‌ನ ಪಾವತಿ ಒಟಿಪಿ ಬೇಕಾಗುವುದೇ ಇಲ್ಲ.

ಕರೆ ಮಾಡಿದವರಿಗೆ ನನ್ನ ಕಾರ್ಡ್ ಸಂಖ್ಯೆಯೇ ಗೊತ್ತಿತ್ತು. ಬ್ಯಾಂಕಿನವರಲ್ಲದೆ ಮತ್ತೆ ಯಾರು?

ಎಷ್ಟು ಅಂಕಿ ಹೇಳಿದರು ಎಂದು ನೆನಪಿಸಿಕೊಳ್ಳಿ. ಕಾರ್ಡ್‌ನ ಮೊದಲ ಆರೆಂಟು ಅಂಕಿಗಳು ನಿಮ್ಮವಲ್ಲ. ಯಾವ ಬ್ಯಾಂಕು, ಯಾವ ಬಗೆಯ ಕಾರ್ಡ್ ಎಂದು ತಿಳಿಸುವ ಅಂಕಿಗಳವು. ಅದೇ ಬಗೆಯ ಕಾರ್ಡ್ ಹೊಂದಿದ ಎಲ್ಲರಿಗೂ ಒಂದೇ. ವೀಸಾ ಕಾರ್ಡ್‌ಗಳಂತೂ ಎಲ್ಲವೂ 4ರಿಂದಲೇ ಆರಂಭವಾಗುತ್ತವೆ. ಕೊನೆಯ ನಾಲ್ಕು ಅಂಕಿಗಳು ಬಿಲ್ಲು, ರಸೀದಿ, ಸಂದೇಶಗಳಲ್ಲೆಲ್ಲ ಅಚ್ಚಾಗಿರುತ್ತವೆ. ಹೆಸರು, ಹುಟ್ಟಿದ ದಿನಾಂಕ, ಮೊಬೈಲ್ ಸಂಖ್ಯೆಗಳನ್ನು ನಾವೇ ಎಷ್ಟು ಕಡೆ ಬರೆದುಕೊಟ್ಟಿದ್ದೇವೋ ಲೆಕ್ಕವಿಲ್ಲ.

‘ನಿಮ್ಮ ಕಾರ್ಡ್ ಇಂಥ ಆರು ಅಂಕಿಯಿಂದ ಶುರು ಅಲ್ಲವೇ ಸರ್? ಉಳಿದದ್ದನ್ನು ನೀವೇ ಹೇಳಿ ಖಚಿತಪಡಿಸಿ’ ಎನ್ನುವಾಗ ಅವರು ಖಚಿತಪಡಿಸಿಕೊಳ್ಳುತ್ತಿಲ್ಲ, ಕೇಳಿ ಬರೆದುಕೊಳ್ಳುತ್ತಿದ್ದಾರೆ. ರಿವಾರ್ಡ್ ಪಾಯಿಂಟ್ ಇಂದು ರಾತ್ರಿ ರದ್ದಾಗುತ್ತದೆ, ವಾರ್ಷಿಕ ಶುಲ್ಕ ಮನ್ನಾ ಆಗುತ್ತದೆ, ಕೆವೈಸಿ (ಗುರುತಿನ ದಾಖಲೆ) ಅವಧಿ ಮುಗಿದಿದೆ, ಮಿತಿ ಹೆಚ್ಚಿಸುತ್ತೇವೆ ಎಂಬ ನೆಪಗಳು ಬದಲಾಗುತ್ತಿರುತ್ತವೆ. ಅವಸರ ಮಾತ್ರ ಬದಲಾಗುವುದಿಲ್ಲ. ಹಿಂದಿಯಲ್ಲಿ ಮಾತನಾಡಿದರೆ ಅನುಮಾನಪಡುವ ನಮ್ಮವರು ಕನ್ನಡದಲ್ಲಿ ಮಾತನಾಡಿದರೆ ಕರಗಿಬಿಡುತ್ತಾರೆ. ಸೊಗಸಾದ ಕನ್ನಡ ಮಾತನಾಡುವ ವಂಚಕರೂ ಇದ್ದಾರೆ.

ಬ್ಯಾಂಕಿನದೇ ಕರೆ, ಬ್ಯಾಂಕಿನದೇ ಸಂದೇಶ ಎಂದು ಗುರುತಿಸುವುದು ಹೇಗೆ?

ಸೇವೆಗೆ ಸಂಬಂಧಿಸಿದ ಕರೆಗಳನ್ನು 1600ರಿಂದ ಆರಂಭವಾಗುವ ಸಂಖ್ಯೆಗಳಿಂದಲೂ ಪ್ರಚಾರದ ಕರೆಗಳನ್ನು 140ರ ಸರಣಿಯಿಂದಲೂ ಮಾಡಬೇಕೆಂದು ಆರ್‌ಬಿಐ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಸಂದೇಶಗಳಲ್ಲಿ ಕಳುಹಿಸುವವರ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ: ಟಿ ಎಂದರೆ ವಹಿವಾಟು, ಎಸ್ ಎಂದರೆ ಸೇವೆ, ಪಿ ಎಂದರೆ ಪ್ರಚಾರ, ಜಿ ಎಂದರೆ ಸರ್ಕಾರ. ‘ನಿಮ್ಮ ಕಾರ್ಡ್ ಬಂದ್ ಆಗಿದೆ’ ಎಂಬ ಸಂದೇಶ ಹತ್ತು ಅಂಕಿಯ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ ಬಂದರೆ ಅಲ್ಲೇ ಅಳಿಸಬಹುದು.

ಇವೆಲ್ಲ ಸುಳಿವುಗಳು. ಇವುಗಳಿಗಿಂತ ಗಟ್ಟಿಯಾದ ಉಪಾಯ ಒಂದಿದೆ: ಕರೆ ಕಡಿದು, ಕಾರ್ಡ್‌ನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗೆ ನೀವೇ ಕರೆ ಮಾಡುವುದು. ಆ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಹುಡುಕಿದಾಗ ಮೇಲೆ ಬರುವ ‘ಗ್ರಾಹಕ ಸೇವೆ’ ಸಂಖ್ಯೆಗಳಲ್ಲಿ ವಂಚಕರದ್ದೂ ಇರುತ್ತವೆ. ಅಲ್ಲಿಗೆ ಕರೆ ಮಾಡಿದರೆ ಬಲೆಗೆ ನೀವೇ ನಡೆದುಹೋದಂತೆ.

ಜಾಲತಾಣದ ವಿಳಾಸದ ಬಳಿ ಬೀಗದ ಚಿಹ್ನೆ ಇದ್ದರೆ ಭಯವಿಲ್ಲ ತಾನೆ?

ಬೀಗ ಹೇಳುವುದು ಒಂದೇ ಮಾತು: ನಿಮ್ಮ ಫೋನಿಗೂ ಆ ತಾಣಕ್ಕೂ ನಡುವೆ ಸಾಗುವ ವಿವರವನ್ನು ಮಧ್ಯದಲ್ಲಿ ಯಾರೂ ಓದಲಾರರು. ಆ ತಾಣ ನಡೆಸುವವನು ಸಾಚಾ ಎಂದು ಅದು ಹೇಳುವುದಿಲ್ಲ. ಕಳ್ಳನ ತಾಣಕ್ಕೂ ಬೀಗ ಪುಕ್ಕಟೆಯಾಗಿ ಸಿಗುತ್ತದೆ.

ನೋಡಬೇಕಾದದ್ದು ವಿಳಾಸವನ್ನು, ಅದನ್ನೂ ಹಿಂದಿನಿಂದ. ಆರಂಭದ ಜೋಡಿ ಓರೆಗೆರೆಯನ್ನು (//) ಬಿಟ್ಟರೆ ಮೊದಲು ಸಿಗುವ ಒಂಟಿ ಓರೆಗೆರೆಯ (/) ಎಡಕ್ಕೆ ಒತ್ತಿಕೊಂಡು ಏನಿದೆ ಎಂಬುದೇ ತಾಣದ ನಿಜವಾದ ಹೆಸರು. ‘ನಿಮ್ಮಬ್ಯಾಂಕ್ ಡಾಟ್ ಕಾರ್ಡ್‌ಆಫರ್ ಡಾಟ್ ಕಾಮ್’ ಎಂದಿದ್ದರೆ ಆ ತಾಣ ನಿಮ್ಮ ಬ್ಯಾಂಕಿನದಲ್ಲ, ‘ಕಾರ್ಡ್‌ಆಫರ್’ ಎಂಬ ಹೆಸರು ಕೊಂಡವನದು. ಮುಂದುಗಡೆ ಅವನು ಯಾವ ಬ್ಯಾಂಕಿನ ಹೆಸರನ್ನು ಬೇಕಾದರೂ ಅಂಟಿಸಬಹುದು. ಇದಕ್ಕೆಂದೇ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ಆರ್‌ಬಿಐ ಆದೇಶಿಸಿತು. ಆ ಬಾಲವನ್ನು ಬ್ಯಾಂಕಲ್ಲದವರು ಕೊಳ್ಳಲಾಗದು. ಇದು ಬ್ಯಾಂಕಿನ ತಾಣವನ್ನು ಗುರುತಿಸಲು ಮಾತ್ರ. ಬಟ್ಟೆ ಮಾರುವ ಅಂಗಡಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಶೇ 90ರ ರಿಯಾಯಿತಿ ಕಂಡರೆ ನಂಬದಿರುವುದೇ ಪರೀಕ್ಷೆ.

ಕಾರ್ಡ್‌ಗೆ ಸ್ವಿಚ್ ಇದೆ ಎನ್ನುತ್ತಾರಲ್ಲ, ಏನದು?

ಈ ಪುಟದಲ್ಲಿ ಒಂದೇ ಒಂದನ್ನು ಮಾಡಲು ನಿಮಗೆ ಮನಸ್ಸಿದ್ದರೆ ಇದನ್ನು ಮಾಡಿ.

2020ರ ಜನವರಿ 15ರಂದು ಹೊರಡಿಸಿದ ಸುತ್ತೋಲೆಯಲ್ಲಿ ಆರ್‌ಬಿಐ, ಕಾರ್ಡ್ ಕೊಡುವ ಪ್ರತಿ ಬ್ಯಾಂಕೂ ಗ್ರಾಹಕರಿಗೆ ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ತಾಗಿಸಿ ಪಾವತಿಸುವ ಬಳಕೆಗಳನ್ನು ಬೇರೆ ಬೇರೆಯಾಗಿ ಆರಿಸುವ (ಆಫ್ ಮಾಡುವ), ಹಚ್ಚುವ (ಆನ್ ಮಾಡುವ), ಪ್ರತಿಯೊಂದಕ್ಕೂ ಮಿತಿ ಹಾಕುವ ಸೌಲಭ್ಯವನ್ನು ದಿನದ 24 ಗಂಟೆಯೂ ಕೊಡಬೇಕೆಂದು ಹೇಳಿತು. ಅದೇ ವರ್ಷದ ಅಕ್ಟೋಬರ್‌ನಿಂದ ಇದು ಜಾರಿಯಲ್ಲಿದೆ. ಬ್ಯಾಂಕಿನ ಆ್ಯಪ್ ತೆರೆದು ಕಾರ್ಡ್ ವಿಭಾಗಕ್ಕೆ ಹೋದರೆ ಸಾಲಾಗಿ ಪುಟ್ಟ ಗುಂಡಿಗಳು ಕಾಣಿಸುತ್ತವೆ. ಬಹಳ ಜನ ಅವನ್ನು ನೋಡಿಯೇ ಇರುವುದಿಲ್ಲ, ಅಥವಾ ಒಮ್ಮೆ ಏನೋ ಕೊಳ್ಳಲು ಎಲ್ಲವನ್ನೂ ಹಚ್ಚಿ ಹಾಗೆಯೇ ಬಿಟ್ಟಿರುತ್ತಾರೆ. ಹಣ ಹೋದ ಮೇಲೆ ಆರಿಸುತ್ತಾರೆ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ನಾನು ಸೂಚಿಸುವ ಕ್ರಮ ಹೀಗಿದೆ. ವಿದೇಶಿ ಬಳಕೆ ಸದಾ ಆರಿರಲಿ. ಆನ್‌ಲೈನ್ ಬಳಕೆಗೆ ನಿಮ್ಮ ತಿಂಗಳ ಸಾಮಾನ್ಯ ಖರ್ಚಿಗೆ ತಕ್ಕ ಮಿತಿ ಹಾಕಿ, ಐದೋ ಹತ್ತೋ ಸಾವಿರ. ದೊಡ್ಡ ಖರೀದಿ ಬಂದಾಗ ಮಿತಿ ಏರಿಸಿ, ಕೊಂಡ ಮೇಲೆ ಇಳಿಸಿ. ಒಂದು ನಿಮಿಷದ ಕೆಲಸ. ಬೇಸರ ಎನ್ನುವವರಿಗೆ ಒಂದು ಸಮಾಧಾನ: ಮಿತಿ ಮೀರಿದ ವಹಿವಾಟನ್ನು, ಒಟಿಪಿ ಸರಿಯಿದ್ದರೂ, ಬ್ಯಾಂಕು ತಿರಸ್ಕರಿಸುತ್ತದೆ. ನೀವು ಮೈಮರೆತ ಹೊತ್ತಿನಲ್ಲೂ ಕಾಯುವ ವ್ಯವಸ್ಥೆ ಇದೊಂದೇ. ತಾಗಿಸಿ ಪಾವತಿಸುವುದಕ್ಕೆ 5,000 ರೂಪಾಯಿವರೆಗೆ ಪಿನ್ ಬೇಕಿಲ್ಲ. ನೀವು ಅದನ್ನು ಬಳಸುವವರಲ್ಲದಿದ್ದರೆ ಆ ಗುಂಡಿಯನ್ನೂ ಆರಿಸಿ.

ವಿದೇಶಿ ತಾಣಗಳು ಒಟಿಪಿ ಕೇಳದೆಯೇ ಹಣ ಪಡೆಯುತ್ತವೆ. ಇದು ಹೇಗೆ ಸಾಧ್ಯ?

ಕಾರ್ಡ್ ವಿವರದ ಜೊತೆ ಇನ್ನೊಂದು ದೃಢೀಕರಣ ಬೇಕೆಂಬ ನಿಯಮವನ್ನು ಆರ್‌ಬಿಐ 2009ರ ಆಗಸ್ಟ್‌ನಿಂದ ಜಾರಿಗೆ ತಂದಿತು. ಅದು ದೇಶದೊಳಗಿನ ವಹಿವಾಟಿಗೆ. ಹೊರದೇಶದ ಅನೇಕ ವ್ಯಾಪಾರಿಗಳಿಗೆ ಸಂಖ್ಯೆ, ಅವಧಿ, ಸಿವಿವಿ ಇದ್ದರೆ ಸಾಕು. ಕದ್ದ ಕಾರ್ಡ್ ವಿವರಗಳನ್ನು ಹೊರದೇಶದ ತಾಣಗಳಲ್ಲಿ ಬಳಸುವುದು ಇದೇ ಕಾರಣಕ್ಕೆ. ಮೊದಲು ಒಂದೆರಡು ಡಾಲರ್‌ನ ಚಿಲ್ಲರೆ ವಹಿವಾಟು ಮಾಡಿ ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ನೋಡುತ್ತಾರೆ, ದೊಡ್ಡದು ಆಮೇಲೆ. ನೂರೈವತ್ತು ರೂಪಾಯಿಯ ಅಪರಿಚಿತ ವಹಿವಾಟು ಕಂಡರೆ ‘ಹೋಗಲಿ ಬಿಡು’ ಎನ್ನಬೇಡಿ.

ಮಕ್ಕಳು ವಿದೇಶಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಶುಲ್ಕ ಕಟ್ಟಬೇಕಾದಾಗ ಆ ಗುಂಡಿಯನ್ನು ಹಚ್ಚಿ, ಕಟ್ಟಿ, ರಸೀದಿ ಬಂದ ಕೂಡಲೇ ಆರಿಸಿ.

‘ಕಾರ್ಡ್ ಉಳಿಸಲೇ?’ ಎಂದು ಅಂಗಡಿಗಳು ಕೇಳುತ್ತವೆ. ಹೂಂ ಎನ್ನಬಹುದೇ?

ನೀವು ಪದೇ ಪದೇ ಕೊಳ್ಳುವ, ನಂಬಿಕೆಯ ಅಂಗಡಿಯಾದರೆ ಎನ್ನಬಹುದು. 2022ರ ಅಕ್ಟೋಬರ್ 1ರಿಂದ ದೇಶದ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದರ ಬದಲಿಗೆ ಟೋಕನ್ ಎಂಬ ಬೇರೊಂದು ಸಂಖ್ಯೆ ಸೃಷ್ಟಿಯಾಗುತ್ತದೆ. ಅದು ಆ ಅಂಗಡಿಯಲ್ಲಿ ಮಾತ್ರ ನಡೆಯುತ್ತದೆ. ಅಂಗಡಿಯ ಕಡತ ಕಳುವಾದರೂ ಕಳ್ಳನಿಗೆ ಆ ಸಂಖ್ಯೆಯಿಂದ ಬೇರೆಲ್ಲೂ ಕೊಳ್ಳಲಾಗದು. ಗುರುತಿಗೆಂದು ಕೊನೆಯ ನಾಲ್ಕು ಅಂಕಿಯನ್ನೂ ಬ್ಯಾಂಕಿನ ಹೆಸರನ್ನೂ ಅಂಗಡಿ ಇಟ್ಟುಕೊಳ್ಳಬಹುದು. ಟೋಕನ್‌ಗೆ ಶುಲ್ಕವಿಲ್ಲ, ಒತ್ತಾಯವೂ ಇಲ್ಲ. ಹೊಸ ಕಾರ್ಡ್ ಬಂದಾಗ ಮತ್ತೆ ಒಪ್ಪಿಗೆ ಕೊಡಬೇಕಾಗುತ್ತದೆ. ನನ್ನನ್ನು ಕೇಳಿದರೆ, ಪ್ರತಿ ಸಲ ಹದಿನಾರು ಅಂಕಿ ಬರೆಯುವುದಕ್ಕಿಂತ ಟೋಕನ್ ಸುರಕ್ಷಿತ. ಆದರೆ ವರ್ಷಕ್ಕೊಮ್ಮೆ ಹೋಗುವ ಅಂಗಡಿಯಲ್ಲಿ ಯಾಕೆ ಬೇಕು?

ಮೊದಲ ತಿಂಗಳು ಉಚಿತ ಎಂದು ಸೇರಿಕೊಂಡೆ. ಈಗ ತಿಂಗಳು ತಿಂಗಳು ಹಣ ಹೋಗುತ್ತಿದೆ.

ಇದು ಕಳವಲ್ಲ, ನೀವೇ ಕೊಟ್ಟ ಒಪ್ಪಿಗೆ. ಆದರೂ ಹಿಡಿತ ನಿಮ್ಮ ಕೈಯಲ್ಲೇ ಇದೆ. ಸ್ವಯಂ ಕಡಿತದ ಒಪ್ಪಿಗೆಯನ್ನು ಒಟಿಪಿ ಮೂಲಕ ಪಡೆಯಬೇಕು, ಪ್ರತಿ ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಕಳುಹಿಸಬೇಕು, ಬೇಡವೆನ್ನುವ ದಾರಿ ಅದರಲ್ಲೇ ಇರಬೇಕು ಎಂಬ ನಿಯಮ 2021ರ ಅಕ್ಟೋಬರ್‌ನಿಂದ ಇದೆ. ಸಾಮಾನ್ಯ ಚಂದಾಗಳಲ್ಲಿ 15,000 ರೂಪಾಯಿ ಮೀರಿದರೆ ಪ್ರತಿ ಸಲವೂ ಒಟಿಪಿ ಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ನೀವು ಕೊಟ್ಟ ಒಪ್ಪಿಗೆಗಳ ಪಟ್ಟಿ ಇರುತ್ತದೆ, ಅಲ್ಲಿಂದಲೇ ರದ್ದುಮಾಡಿ. ಆ್ಯಪ್ ಅನ್ನು ಫೋನಿನಿಂದ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಅನೇಕರು ಎಡವುವುದು ಇಲ್ಲೇ. ಸೇರಲು ಒಂದು ಗುಂಡಿ, ಬಿಡಲು ಏಳು ಪುಟ ಎಂಬಂಥ ಚಂದಾ ಬಲೆಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಪಟ್ಟಿ ಮಾಡಿದ 13 ಮೋಸದ ವಿನ್ಯಾಸಗಳಲ್ಲಿ ಸೇರಿಸಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಕರೆಯೋಲೆ ಬಂತು. ತೆರೆದೆ, ಏನೂ ಕಾಣಲಿಲ್ಲ. ತೊಂದರೆಯೇ?

ಕಡತದ ಹೆಸರಿನ ಕೊನೆಗೆ ಎಪಿಕೆ ಎಂದಿತ್ತೇ ನೋಡಿ. ಹಾಗಿದ್ದರೆ ಅದು ಕರೆಯೋಲೆಯಲ್ಲ, ಒಂದು ಆ್ಯಪ್. ಸಂಚಾರ ದಂಡದ ಚಲನ್, ವಿದ್ಯುತ್ ಬಿಲ್, ಬ್ಯಾಂಕಿನ ರಿವಾರ್ಡ್ ಎಂಬ ಹೆಸರುಗಳಲ್ಲೂ ಇದು ಬರುತ್ತದೆ, ಎಷ್ಟೋ ಸಲ ಪರಿಚಿತರ ಸಂಖ್ಯೆಯಿಂದಲೇ. ಏಕೆಂದರೆ ಅವರ ಫೋನು ಆಗಲೇ ಕೈತಪ್ಪಿರುತ್ತದೆ. ಒಳಗೆ ಸೇರಿದ ಮೇಲೆ ಸಂದೇಶ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ನಿಮಗೆ ಬಂದ ಒಟಿಪಿ ಅವರಿಗೂ ಹೋಗುತ್ತದೆ. ನೀವು ಯಾರಿಗೂ ಏನೂ ಹೇಳಿರುವುದಿಲ್ಲ.

ತಡಮಾಡದೆ ಫೋನಿನ ಡೇಟಾ, ವೈಫೈ ಎರಡನ್ನೂ ನಿಲ್ಲಿಸಿ ಏರೋಪ್ಲೇನ್ ಮೋಡ್‌ಗೆ ಹಾಕಿ. ಮನೆಯಲ್ಲಿನ ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್ ನಿಲ್ಲಿಸಿ. ಆ ಆ್ಯಪ್ ಅಳಿಸಿದರೆ ಸಾಲದು. ಫೋಟೊಗಳನ್ನು ಬೇರೆಡೆ ತೆಗೆದಿಟ್ಟು ಫೋನನ್ನು ಮೊದಲಿನ ಸ್ಥಿತಿಗೆ ರೀಸೆಟ್ ಮಾಡಿ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿಕೊಂಡು ‘ಸಹಾಯ’ ಮಾಡಲು ಬಂದವರ ವಿಷಯದಲ್ಲೂ ಇದೇ ಕ್ರಮ.

ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸುವಾಗ ಕಾರ್ಡ್ ಕೊಡಬಹುದೇ?

ಬೇಡ. ಸಿಇಟಿ ಅರ್ಜಿ, ನೇಮಕಾತಿ ಪರೀಕ್ಷೆ ಎಂದು ಕೊನೆಯ ದಿನ ನೂಕುನುಗ್ಗಲಿನಲ್ಲಿ ಕಾರ್ಡ್ ಅನ್ನು ಮೇಜಿನ ಮೇಲಿಟ್ಟು, ಒಟಿಪಿಯನ್ನು ಹಿಂದಿದ್ದವರಿಗೂ ಕೇಳುವಂತೆ ಕೂಗಿ ಹೇಳುವುದನ್ನು ಎಷ್ಟು ಕಡೆ ನೋಡಿಲ್ಲ! ಅಂಗಡಿಯವರು ಒಳ್ಳೆಯವರೇ ಇರಬಹುದು. ಅವರ ಕಂಪ್ಯೂಟರಿನಲ್ಲಿ ಏನು ಸೇರಿಕೊಂಡಿದೆಯೋ ಅವರಿಗೂ ಗೊತ್ತಿರುವುದಿಲ್ಲ. ಪಾವತಿ ಪುಟದಲ್ಲಿ ಯುಪಿಐ ಕ್ಯುಆರ್ ಬಂದರೆ ನಿಮ್ಮ ಫೋನಿನಿಂದ ಸ್ಕ್ಯಾನ್ ಮಾಡಿ. ಇಲ್ಲವೇ ಅವರಿಗೇ ನಗದು ಕೊಟ್ಟು ಅವರ ಖಾತೆಯಿಂದ ಕಟ್ಟಿಸಿ.

ಊರಿನಲ್ಲಿರುವ ಅಮ್ಮನಿಗೆ ಕಾರ್ಡ್ ಕೊಡಿಸಿದ್ದೇನೆ. ಒಟಿಪಿ ನನ್ನ ನಂಬರಿಗೆ ಬರುತ್ತದೆ. ಇದು ಸರಿಯೇ?

ಸುರಕ್ಷಿತ ಎನಿಸುತ್ತದೆ, ಆದರೆ ಇದರಲ್ಲೊಂದು ತೊಡಕಿದೆ. ಅಮ್ಮ ಶಿರಸಿಯಿಂದ ಕರೆ ಮಾಡಿ ‘ಒಟಿಪಿ ಬಂತೇನೋ, ಹೇಳು’ ಎನ್ನುತ್ತಾರೆ. ನೀವು ಬೆಂಗಳೂರಿನ ಬಸ್ಸಿನಲ್ಲಿ ನಿಂತು ಹೇಳುತ್ತೀರಿ. ಫೋನಿನಲ್ಲಿ ಒಟಿಪಿ ಹೇಳುವುದು, ಕೇಳುವುದು ಮನೆಯ ದಿನಚರಿಯಾಗುತ್ತದೆ. ನಾಳೆ ಇನ್ಯಾರೋ ಕೇಳಿದಾಗ ಅವರಿಗೆ ಅದು ವಿಚಿತ್ರ ಎನಿಸುವುದೇ ಇಲ್ಲ. ‘ಹೇಳಬಾರದು’ ಎಂದು ಅಮ್ಮನಿಗೆ ಪಾಠ ಮಾಡುವ ನಾವೇ ಹೇಳುವ ಅಭ್ಯಾಸ ಮಾಡಿಸಿರುತ್ತೇವೆ.

ಇದಕ್ಕಿಂತ, ನಿಮ್ಮ ಕಾರ್ಡ್‌ನ ಮೇಲೆ ಅವರಿಗೊಂದು ಹೆಚ್ಚುವರಿ ಕಾರ್ಡ್ ಪಡೆದು ಅದಕ್ಕೆ ಸಣ್ಣ ಮಿತಿ ಹಾಕಿ. ಔಷಧಿ, ದಿನಸಿಯ ಅಂಗಡಿಗಳ ಆ್ಯಪ್‌ನಲ್ಲಿ ಎದುರು ಕುಳಿತು ಟೋಕನ್ ಮಾಡಿಸಿಕೊಡಿ. ಕಾರ್ಡ್‌ನ ಫೋಟೊ ತೆಗೆದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದರೆ ಇವತ್ತೇ ಅಳಿಸಿ, ಎಲ್ಲರ ಫೋನಿನಿಂದಲೂ.

ರೈಲು ನಿಲ್ದಾಣದ ವೈಫೈ ಬಳಸಿ ಪಾವತಿಸಬಹುದೇ?

ಈ ಭಯವನ್ನು ಸ್ವಲ್ಪ ಅತಿಯಾಗಿಯೇ ಬೆಳೆಸಲಾಗಿದೆ. ಮೇಲೆ ಹೇಳಿದ ಬೀಗ ಕೆಲಸಕ್ಕೆ ಬರುವುದು ಇಲ್ಲಿಯೇ. ಆದರೂ ಮೊಬೈಲ್ ಡೇಟಾ ಅಗ್ಗವಾಗಿರುವಾಗ ಅದನ್ನೇ ಬಳಸುವುದು ಲೇಸು.

ಹಣ ಹೋಗಿದೆ, ಈಗೇನು ಮಾಡಲಿ?

ಮೊದಲು ಬ್ಯಾಂಕಿನ ಆ್ಯಪ್ ತೆರೆದು ಕಾರ್ಡ್ ಅನ್ನು ಲಾಕ್ ಮಾಡಿ. ಯಾರಿಗೂ ಕರೆ ಮಾಡದೆ ಆಗುವ ಕೆಲಸ ಇದೊಂದೇ. ನಂತರ ಕಾರ್ಡ್‌ನ ಹಿಂದಿನ ಸಂಖ್ಯೆಗೆ ಕರೆ ಮಾಡಿ ವಹಿವಾಟು ನಿಮ್ಮದಲ್ಲ ಎಂದು ಹೇಳಿ, ದೂರಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ‘ನೋಡುತ್ತೇವೆ’ ಎಂಬ ಮಾತಿಗೆ ಕರೆ ಮುಗಿಸಬೇಡಿ. ಸಂಖ್ಯೆಯಿಲ್ಲದ ದೂರು ಮುಂದೆ ದೂರೇ ಅಲ್ಲ.

ಕೂಡಲೇ 1930ಕ್ಕೆ ಕರೆ ಮಾಡಿ. ಇದು ಹಣಕಾಸು ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಮೊತ್ತ, ಸಮಯ, ಕಾರ್ಡ್‌ನ ಕೊನೆಯ ನಾಲ್ಕು ಅಂಕಿ, ವಹಿವಾಟಿನ ಉಲ್ಲೇಖ ಸಂಖ್ಯೆ ಕೈಯಲ್ಲಿರಲಿ. ಕದ್ದ ಕಾರ್ಡ್‌ನ ಹಣ ಸಾಮಾನ್ಯವಾಗಿ ಮೊದಲು ಯಾವುದೋ ವಾಲೆಟ್‌ಗೋ ಗಿಫ್ಟ್ ವೋಚರ್‌ಗೋ ಹೋಗಿರುತ್ತದೆ. ಅಲ್ಲಿಂದ ಕೈ ಬದಲಾಗುವ ಮೊದಲು ತಡೆಹಿಡಿಯಲು ಸಾಧ್ಯ. ಪೊಲೀಸರು ಗೋಲ್ಡನ್ ಅವರ್ ಎನ್ನುವುದು ಈ ಮೊದಲ ಗಂಟೆಯನ್ನೇ. ಬಳಿಕ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರನ್ನು ಪೂರ್ಣಗೊಳಿಸಿ. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಪ್ರತ್ಯೇಕ ಪೊಲೀಸ್ ಠಾಣೆಗಳಿವೆ, ಸೆನ್ ಠಾಣೆ ಎನ್ನುವುದು ಇವನ್ನೇ. ಹತ್ತಿರದ ಠಾಣೆಗೇ ಹೋದರೂ ‘ನಮ್ಮ ವ್ಯಾಪ್ತಿಯಲ್ಲ’ ಎಂದು ಅವರು ವಾಪಸ್ ಕಳುಹಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹಾಗೆ ಹೇಳುತ್ತದೆ.

ಸಂದೇಶ, ಕರೆಯ ದಾಖಲೆ, ಪುಟದ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ. ನಾಚಿಕೆಯಿಂದ ಅಳಿಸಿದವರು ಮುಂದೆ ಸಾಕ್ಷ್ಯವಿಲ್ಲದೆ ಒದ್ದಾಡುತ್ತಾರೆ. ‘ಹೋದ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ’ ಎಂದು ಕರೆ ಬಂದರೆ ಅದು ಎರಡನೇ ಸುತ್ತಿನ ವಂಚನೆ.

ಬ್ಯಾಂಕು ಹಣ ಹಿಂದಿರುಗಿಸುತ್ತದೆಯೇ?

2017ರ ಜುಲೈ 6ರ ಆರ್‌ಬಿಐ ಸುತ್ತೋಲೆಯೇ ಇಲ್ಲಿ ಆಧಾರ. ಲೋಪ ಬ್ಯಾಂಕಿನದಾದರೆ ನೀವು ಯಾವಾಗ ತಿಳಿಸಿದರೂ ಹೊಣೆ ನಿಮ್ಮದಲ್ಲ. ಲೋಪ ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಬೇರೆಲ್ಲೋ ಸೋರಿಕೆಯಾಗಿದೆ ಎಂದಾದರೆ ಲೆಕ್ಕ ದಿನಗಳ ಮೇಲೆ ನಿಲ್ಲುತ್ತದೆ. ವಹಿವಾಟಿನ ಸಂದೇಶ ಬಂದ ದಿನವನ್ನು ಬಿಟ್ಟು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಪೂರ್ತಿ ಬ್ಯಾಂಕಿನದು. ನಾಲ್ಕರಿಂದ ಏಳು ದಿನವಾದರೆ, ಮಿತಿ 5 ಲಕ್ಷದವರೆಗಿನ ಕ್ರೆಡಿಟ್ ಕಾರ್ಡ್‌ನಲ್ಲಿ ನಿಮ್ಮ ಹೊಣೆ ಗರಿಷ್ಠ 10,000 ರೂಪಾಯಿ, ಅದಕ್ಕೂ ಹೆಚ್ಚಿನ ಮಿತಿಯ ಕಾರ್ಡ್‌ನಲ್ಲಿ 25,000. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಹೇಳಿದಂತೆ. ಮೂರು ದಿನ ಎಂಬುದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ತಿಂಗಳ ಬಿಲ್ ಬಂದಾಗ ನೋಡೋಣ ಎನ್ನುವವರು ಕಳೆದುಕೊಳ್ಳುವುದು ಇದನ್ನೇ.

ನೀವು ತಿಳಿಸಿದ 10 ಕೆಲಸದ ದಿನಗಳಲ್ಲಿ ಆ ಮೊತ್ತವನ್ನು ತಾತ್ಕಾಲಿಕವಾಗಿ ನಿಮ್ಮ ಲೆಕ್ಕಕ್ಕೆ ಜಮಾ ಮಾಡಬೇಕು, ಬಡ್ಡಿಯ ಹೊರೆ ನಿಮ್ಮ ಮೇಲೆ ಬೀಳಬಾರದು, 90 ದಿನಗಳೊಳಗೆ ದೂರು ಇತ್ಯರ್ಥವಾಗಬೇಕು. ಹೊಣೆ ಗ್ರಾಹಕನದು ಎಂದು ಸಾಬೀತುಪಡಿಸುವ ಭಾರವೂ ಬ್ಯಾಂಕಿನದೇ. ಫೋನಿನಲ್ಲಿ ಮಾತನಾಡುವ ಸಿಬ್ಬಂದಿಗೆ ಈ ಸುತ್ತೋಲೆ ನೆನಪಿಲ್ಲದಿದ್ದರೆ ದಿನಾಂಕ ಸಹಿತ ಇಮೇಲ್‌ನಲ್ಲಿ ಬರೆಯಿರಿ. ದನಿ ಬದಲಾಗುತ್ತದೆ.

ಒಟಿಪಿ ನಾನೇ ಕೊಟ್ಟೆ. ದೂರು ಕೊಟ್ಟು ಪ್ರಯೋಜನವಿದೆಯೇ?

ಇದೆ. ನಿಮ್ಮ ಅಜಾಗರೂಕತೆಯಿಂದಾದ ನಷ್ಟ ನಿಮ್ಮದೇ ಎಂದು ಅದೇ ಸುತ್ತೋಲೆ ಹೇಳುತ್ತದೆ, ಆದರೆ ನೀವು ಬ್ಯಾಂಕಿಗೆ ತಿಳಿಸುವ ಕ್ಷಣದವರೆಗೆ ಮಾತ್ರ. ತಿಳಿಸಿದ ಮೇಲೆ ಹೋದದ್ದೆಲ್ಲ ಬ್ಯಾಂಕಿನ ಲೆಕ್ಕಕ್ಕೆ. ಜೊತೆಗೆ 1930ರಲ್ಲಿ ಹಣ ತಡೆಹಿಡಿಯಲು ನೀವು ಒಟಿಪಿ ಕೊಟ್ಟಿರೋ ಇಲ್ಲವೋ ಎಂಬುದು ಅಡ್ಡಿಯಲ್ಲ. ನಡೆದದ್ದನ್ನು ನಡೆದಂತೆ ಹೇಳಿ. ‘ನಾನೇನೂ ಮಾಡಿಲ್ಲ’ ಎಂದು ಬರೆದುಕೊಟ್ಟು, ಆಮೇಲೆ ದಾಖಲೆಯಲ್ಲಿ ಬೇರೆ ಕಂಡರೆ ಉಳಿದ ಮಾತಿಗೂ ಬೆಲೆಯಿರುವುದಿಲ್ಲ.

ಬ್ಯಾಂಕು ಒಪ್ಪದಿದ್ದರೆ?

ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ತಾಣದಲ್ಲಿ ದೂರು ಸಲ್ಲಿಸಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448. ಮೊದಲು ಬ್ಯಾಂಕಿಗೆ ಕೊಟ್ಟ ದೂರಿನ ಸಂಖ್ಯೆಯನ್ನು ಅಲ್ಲಿ ಕೇಳುತ್ತಾರೆ.

ದುಡ್ಡು ಕಟ್ಟಿದೆ, ಸಾಮಾನು ಬರಲಿಲ್ಲ. ಇದೂ ವಂಚನೆಯೇ?

ವಹಿವಾಟು ನೀವೇ ಮಾಡಿದ್ದರಿಂದ ದಾರಿ ಬೇರೆ. ಇದಕ್ಕೆ ಚಾರ್ಜ್‌ಬ್ಯಾಕ್ ಎಂಬ ವ್ಯವಸ್ಥೆಯಿದೆ: ಬ್ಯಾಂಕು ವೀಸಾ, ಮಾಸ್ಟರ್‌ಕಾರ್ಡ್, ರುಪೇ ಜಾಲದ ಮೂಲಕ ವ್ಯಾಪಾರಿಯ ಬ್ಯಾಂಕಿನಿಂದ ಹಣ ಹಿಂದಕ್ಕೆ ಕೇಳುತ್ತದೆ. ಆರ್ಡರ್ ಪ್ರತಿ, ತಲುಪಬೇಕಿದ್ದ ದಿನಾಂಕ, ಅಂಗಡಿಗೆ ನೀವು ಬರೆದ ಪತ್ರ ಇವಿಷ್ಟು ಬೇಕು. ಇದಕ್ಕೂ ಗಡುವಿರುತ್ತದೆ, ‘ನಾಳೆ ಬರುತ್ತದೆ’ ಎಂಬ ಅಂಗಡಿಯ ಮಾತಿಗೆ ತಿಂಗಳುಗಟ್ಟಲೆ ಕಾಯಬೇಡಿ.

ನಾನು ವಿದೇಶದಲ್ಲಿದ್ದೇನೆ. ನನಗೇನು ಅನ್ವಯ?

ಅಲ್ಲಿನ ಕಾರ್ಡ್‌ಗೆ ಅಲ್ಲಿನ ಕಾನೂನು. ಅಮೆರಿಕದಲ್ಲಿ ನಿಮ್ಮ ಅನುಮತಿಯಿಲ್ಲದ ಕ್ರೆಡಿಟ್ ಕಾರ್ಡ್ ಬಳಕೆಗೆ ಗ್ರಾಹಕನ ಹೊಣೆ 50 ಡಾಲರ್ ಮೀರುವಂತಿಲ್ಲ. ಬ್ರಿಟನ್ನಿನಲ್ಲಿ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಂ ಪ್ರಕಾರ, 100 ಪೌಂಡ್‌ಗಿಂತ ಹೆಚ್ಚಿನ, 30,000 ಪೌಂಡ್ ಮೀರದ ಖರೀದಿಯಲ್ಲಿ ಅಂಗಡಿ ಕೈಕೊಟ್ಟರೆ ಕಾರ್ಡ್ ಕೊಟ್ಟ ಸಂಸ್ಥೆಯೂ ಹೊಣೆ. ಭಾರತದ ಕಾರ್ಡ್ ಇಟ್ಟುಕೊಂಡಿದ್ದರೆ ಊರಿನ ಸಿಮ್ ಅನ್ನು ಜೀವಂತವಾಗಿಡಿ. ರೀಚಾರ್ಜ್ ಇಲ್ಲದೆ ಬಿಟ್ಟ ಸಂಖ್ಯೆ ರದ್ದಾಗಿ ಬೇರೊಬ್ಬರ ಪಾಲಾದರೆ ನಿಮ್ಮ ಒಟಿಪಿ ಅವರಿಗೆ ಹೋಗುತ್ತದೆ.

ನನ್ನ ಹೆಸರಿನಲ್ಲಿ ಬೇರೆ ಯಾರಾದರೂ ಕಾರ್ಡ್ ಪಡೆದಿದ್ದರೆ ತಿಳಿಯುವುದು ಹೇಗೆ?

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಜನರ ಸಾಲದ ದಾಖಲೆ ಇಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ಸಾಲ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದರಂತೆ ಒಂದೊಂದರಿಂದ ತರಿಸಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ನಿಮಗೆ ಗೊತ್ತಿಲ್ಲದ ಕಾರ್ಡ್ ಕಂಡರೆ ಆ ಬ್ಯಾಂಕಿಗೂ ವರದಿ ಕೊಟ್ಟ ಸಂಸ್ಥೆಗೂ ಬರೆಯಿರಿ. ಇನ್ನೊಬ್ಬರ ಗುರುತು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ.

ಬಳಸದ ಕಾರ್ಡ್ ಸುಮ್ಮನೆ ಬಿದ್ದಿದೆ. ಇರಲಿ ಬಿಡಲೇ?

ಮುಚ್ಚಿಸಿ. ನೀವು ನೋಡದ ಕಾರ್ಡ್‌ನಲ್ಲಿ ನಡೆದ ವಹಿವಾಟು ನಿಮ್ಮ ಕಣ್ಣಿಗೆ ಬೀಳುವುದು ತಡವಾಗಿಯೇ. ಕತ್ತರಿಸಿ ಬಿಸಾಡಿದರೆ ಕಾರ್ಡ್ ಮುಚ್ಚಿದಂತಾಗುವುದಿಲ್ಲ. ಅದರ ಸಂಖ್ಯೆ ಚಾಲ್ತಿಯಲ್ಲೇ ಇರುತ್ತದೆ. ಬಾಕಿಯೆಲ್ಲ ತೀರಿಸಿ, ಉಳಿದ ರಿವಾರ್ಡ್ ಪಾಯಿಂಟ್ ಬಳಸಿಕೊಂಡು, ಮುಚ್ಚುವಂತೆ ಲಿಖಿತವಾಗಿ ಕೇಳಿ. ‘ಉಳಿಸಿಕೊಳ್ಳಿ, ಶುಲ್ಕ ಮನ್ನಾ ಮಾಡುತ್ತೇವೆ’ ಎಂದು ಪುಸಲಾಯಿಸುತ್ತಾರೆ, ಮಣಿಯಬೇಡಿ. ಬಾಕಿಯಿಲ್ಲದ ಕಾರ್ಡ್ ಅನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ, ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ದಂಡ ಕೊಡಬೇಕು.